ಮರಿಮೀನಿನ ಲೆಕ್ಕ ಕೊಡೋಣ, ಆ ಲೆಕ್ಕದ ಮಾತು ಕೇಳೋಣ

ಮಂಗಳೂರಿನ ಧಕ್ಕೆಯಲ್ಲೋ ಮಲ್ಪೆ ಬಂದರಿನಲ್ಲೋ ಮರಿ ಬೂತಾಯಿಯ ಬುಟ್ಟಿಯೊಂದನ್ನು ಹತ್ತಿರದಿಂದ ನೋಡಿ. 10 ಸೆಂಟಿಮೀಟರಿನೊಳಗಿನ ಆ ಮರಿ 10 ಗ್ರಾಂ ಕೂಡ ತೂಗಲಾರದು. ಫಿಶ್‌ಮೀಲ್ ಕಾರ್ಖಾನೆಗೆ ಹೋಗುವ ಇಂಥ ಒಂದು ಟನ್ ಮೀನಿನಲ್ಲಿ ಲಕ್ಷಕ್ಕೂ ಹೆಚ್ಚು ಜೀವಗಳಿರುತ್ತವೆ. ಬದುಕಿ 15 ಸೆಂಟಿಮೀಟರ್ ಮುಟ್ಟಿದ ಮೀನಿನ ತೂಕ ಆ ಮರಿಯ ತೂಕದ ಮೂರು ಪಟ್ಟಿಗೂ ಹೆಚ್ಚು.

ಬೂತಾಯಿಯ ಆಯುಷ್ಯವೇ ಎರಡು, ಎರಡೂವರೆ ವರ್ಷ. ಹಾಗಾಗಿ ನಮ್ಮ ಹಂಗಾಮು ನಿಂತಿರುವುದು ಮಳೆಗಾಲದಲ್ಲಿ ಹುಟ್ಟಿ ಉಳಿದ ಮರಿಗಳ ಮೇಲೆ. ಮುಂಗಾರಿಗೆ ಆಳದ ತಣ್ಣೀರು ಮೇಲೆದ್ದು, ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆದರೆ ಅವಕ್ಕೆ ಉಣಿಸು. ತಾಯಿಮೀನು ಹತ್ತಾರು ಸಾವಿರ ಮೊಟ್ಟೆಯಿಟ್ಟರೂ, ಮೊದಲ ದಿನಗಳಲ್ಲಿ ತಿನ್ನಲು ಸಿಗದ ಮರಿಗಳು ಉಳಿಯುವುದಿಲ್ಲ. ಒಂದು ವರ್ಷದ ಪೀಳಿಗೆಯ ಹಣೆಬರಹ ಎಳವೆಯಲ್ಲೇ ತೀರ್ಮಾನವಾಗುತ್ತದೆ ಎಂದು ನಾರ್ವೆಯ ವಿಜ್ಞಾನಿ ಯೋಹಾನ್ ಯೋರ್ಟ್ 1914ರಲ್ಲೇ ವಾದಿಸಿದ್ದರು.

ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ನೀರನ್ನು ಬಿಸಿಮಾಡುವ ಎಲ್ ನಿನೊದಿಂದ ಬದಲಾದ ಕಡಲು, ಮಿತಿಮೀರಿ ಹಿಡಿದ ಮರಿಗಳು, ಎರಡರತ್ತಲೂ ವಿಜ್ಞಾನಿಗಳು ಬೊಟ್ಟು ಮಾಡಿದ್ದಾರೆ. ಕಡಲಿನ ಬಿಸಿ ನಮ್ಮ ಕೈಯಲ್ಲಿಲ್ಲ, ಬಲೆಯ ಕಣ್ಣು ನಮ್ಮ ಕೈಯಲ್ಲೇ ಇದೆ.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ಕಡಲಿನ ಉಷ್ಣತೆ, ಪಾಚಿಯ ಬಣ್ಣ ನೋಡಿ ಮೀನು ಇರುವ ಜಾಗ ಹೇಳಿದರೆ ಅದನ್ನು ನಂಬಿ ಬೋಟು ಬಿಡುತ್ತೇವೆ. ಅದೇ ಮಾಹಿತಿಯ ಜೊತೆಗೆ ಉಳಿದ ತಾಯಿಮೀನಿನ ಅಂದಾಜು, ಬಂದರಿನಲ್ಲಿ ಅಳೆದ ಮರಿಗಳ ಗಾತ್ರ ಸೇರಿಸಿದರೆ ಮುಂದಿನ ಹಂಗಾಮಿಗೆ ಎಷ್ಟು ಮೀನು ಬಂದೀತು ಎಂಬ ಮುನ್ಸೂಚನೆ ಸಿಗುತ್ತದೆ. ಆ ಮಾತಿಗೆ ಮಾತ್ರ ಕಿವಿ ಮುಚ್ಚಿಕೊಳ್ಳುವುದೇಕೆ? ಮುನ್ಸೂಚನೆ ತಪ್ಪಬಹುದು, ನಿಜ. ಮಳೆಯ ಮುನ್ಸೂಚನೆಯೂ ತಪ್ಪುತ್ತದೆ. ಹಾಗೆಂದು ರೆಡ್ ಅಲರ್ಟ್ ದಿನ ಕಡಲಿಗಿಳಿಯುವುದು ಜಾಣತನವೇ?

ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳನ್ನು ಕಟ್ಟಿ ಮೀನಿಗೆ ಮೊಟ್ಟೆಯಿಡಲು ಬಿಡುತ್ತೇವೆ. ಮಳೆ ಇಳಿದ ಮೇಲೆ ಅದೇ ಮೊಟ್ಟೆಯ ಮರಿಗಳನ್ನು ಬಾಚಿ ತರುವುದಾದರೆ ಆ ನಿಷೇಧಕ್ಕೆ ಅರ್ಥವೇನು ಉಳಿಯಿತು?

ಬೋಟ್ ಮಾಲೀಕರೇ, ತಂಡೇಲರೇ, ಬಲೆಗೆ ಬಿದ್ದ ಮರಿಗಳ ಲೆಕ್ಕ ಮುಚ್ಚಿಡಬೇಡಿ. ನೀವು ಬಚ್ಚಿಟ್ಟರೆ ಮುನ್ಸೂಚನೆ ಸುಳ್ಳಾಗುತ್ತದೆ, ಆ ಸುಳ್ಳಿಗೆ ಬೆಲೆ ತೆರುವವರು ನಿಮ್ಮ ಮಕ್ಕಳೇ. ಕೇರಳ 2015ರಲ್ಲೇ ಬೂತಾಯಿಗೆ 10, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಗಾತ್ರ ಗೊತ್ತುಮಾಡಿತು. ಆ ಅಳತೆಯನ್ನು ನಾವೂ ನಿಷ್ಠೆಯಿಂದ ಪಾಲಿಸೋಣ. ಕಾರ್ಖಾನೆಯವರೇ, ಅದಕ್ಕಿಂತ ಚಿಕ್ಕ ಮೀನಿನ ಲಾರಿಯನ್ನು ಗೇಟಿನಿಂದಲೇ ವಾಪಸು ಕಳಿಸಿ. ನೀವು ಕೊಳ್ಳದಿದ್ದರೆ ಅದನ್ನು ಹಿಡಿಯುವವರೂ ಕಡಿಮೆಯಾಗುತ್ತಾರೆ.

ಸರ್ಕಾರವೂ ಹಂಗಾಮಿಗೆ ಮೊದಲೇ ಮುನ್ಸೂಚನೆಯನ್ನು ಕನ್ನಡ, ತುಳು, ಕೊಂಕಣಿಯಲ್ಲಿ ಬಂದರು ಬಂದರಿಗೆ ಮುಟ್ಟಿಸಲಿ. ಮರಿ ಕಡಿಮೆಯೆಂದು ಗೊತ್ತಾದ ವರ್ಷ ಎಷ್ಟು ಹಿಡಿಯಬೇಕು, ಎಷ್ಟು ದಿನ ಬೋಟು ನಿಲ್ಲಬೇಕು, ಆ ದಿನಗಳಿಗೆ ಬೋಟಿನ ಕಾರ್ಮಿಕರಿಗೂ ಮೀನು ಮಾರುವ ಮಹಿಳೆಯರಿಗೂ ಎಷ್ಟು ಪರಿಹಾರ ಎಂಬುದು ಮೊದಲೇ ತೀರ್ಮಾನವಾಗಿರಲಿ. ಹೊಟ್ಟೆಗೆ ದಾರಿ ತೋರಿಸದೆ ಬಲೆ ಕಟ್ಟಿಡಿ ಎನ್ನುವುದು ನ್ಯಾಯವಲ್ಲ.

ಮತ್ಸ್ಯಕ್ಷಾಮ ಬಂದ ಮೇಲೆ ಪರಿಹಾರಕ್ಕೆ ಕೈಚಾಚುವ ಬದಲು, ಬರುವ ಮುನ್ನ ಕೈ ಹಿಡಿತದಲ್ಲಿಡೋಣ. ಈ ಹಂಗಾಮಿನಿಂದಲೇ, ಪ್ರತಿ ಬಂದರಿನಲ್ಲೂ, ಮರಿಮೀನನ್ನು ಅಳೆಯೋಣ, ಬರೆಯೋಣ, ಬಿಡೋಣ.