ಪತ್ರದ ಅಚ್ಚು ಮತ್ತು ಹೊರಗಿನ ಸಹಾಯಕರು

ಸಂಘದಿಂದ ಸದಸ್ಯ ಕುಟುಂಬಗಳಿಗೆ ಹೋಗುವ ಪತ್ರಗಳನ್ನು ಇಂದು ಯಾರೂ ಒಂದೊಂದಾಗಿ ಬರೆಯುವುದಿಲ್ಲ. ಟೆಂಪ್ಲೇಟ್, ಅಂದರೆ ಪತ್ರದ ಅಚ್ಚು, ಮೊದಲೇ ಸಿದ್ಧವಿರುತ್ತದೆ. ಹೆಸರು, ದಿನಾಂಕ, ಸ್ಥಳಗಳನ್ನು ಕಂಪ್ಯೂಟರ್ ತುಂಬುತ್ತದೆ. ಅಚ್ಚಿನೊಳಗೆ ಎಷ್ಟು ಲೆಕ್ಕಾಚಾರವಿರಬೇಕು, ಎಷ್ಟನ್ನು ಹೊರಗಿನ ಹೆಲ್ಪರ್ ಫಂಕ್ಷನ್‌ಗಳಿಗೆ ಒಪ್ಪಿಸಬೇಕು ಎಂಬುದು ಸ್ವಯಂಸೇವಕರ ಒಳಮನೆಯ ಮಾತೆಂದು ತೋರಬಹುದು. ಆದರೆ ಅದರ ಫಲಾಫಲ ಓದುಗರದು.

ದಿನಾಂಕವನ್ನೇ ನೋಡೋಣ. ಫ್ಲೂ ಲಸಿಕೆ ಶಿಬಿರದ ಆಹ್ವಾನದಲ್ಲಿ 10/11 ಎಂದಿದ್ದರೆ ಅಮೆರಿಕದಲ್ಲಿ ಬೆಳೆದ ಮೊಮ್ಮಗಳು ಅದನ್ನು ಅಕ್ಟೋಬರ್ 11 ಎಂದು ಓದುತ್ತಾಳೆ. ಊರಿನಿಂದ ಬಂದಿರುವ ಅಜ್ಜ ನವೆಂಬರ್ 10 ಎನ್ನುತ್ತಾರೆ. ಇಬ್ಬರದೂ ಸರಿಯೇ. ಖಾಲಿ ಹೊಟ್ಟೆಯಲ್ಲಿ ರಕ್ತಪರೀಕ್ಷೆಗೆ ಬರಬೇಕಾದ ಮಧುಮೇಹಿಗೆ ಇಂಥ ಗೊಂದಲ ಸಣ್ಣದಲ್ಲ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದುಕೊಡುವ ಒಂದು ಪುಟ್ಟ ಫಂಕ್ಷನ್ ಹೊರಗಿರಲಿ; ಎಲ್ಲ ಅಚ್ಚುಗಳೂ ಅದನ್ನೇ ಹೆಸರು ಹಿಡಿದು ಕರೆಯಲಿ. ಹ್ಯಾಂಡಲ್‌ಬಾರ್ಸ್‌ನಲ್ಲಿ ಇದನ್ನು ಹೆಲ್ಪರ್ ಎಂದೂ ಜಿಂಜಾದಲ್ಲಿ ಫಿಲ್ಟರ್ ಎಂದೂ ನೋಂದಾಯಿಸಬಹುದು. ತಿದ್ದುವುದಿದ್ದರೆ ಒಂದೇ ಕಡೆ ತಿದ್ದಿದರಾಯಿತು.

ಕನ್ನಡಕ್ಕಂತೂ ಇದು ಇನ್ನೂ ಅಗತ್ಯ. ಇಂಗ್ಲಿಷಿಗಾಗಿ ಬರೆದ ಅಚ್ಚು ಸಂಖ್ಯೆಯ ಮುಂದೆ ಬಹುವಚನದ ಒಂದು ಅಕ್ಷರ ಸೇರಿಸಿ ಕೈತೊಳೆದುಕೊಳ್ಳುತ್ತದೆ. ನಾವೋ ಎರಡು ಪುಸ್ತಕ ಎಂದರೂ ಎರಡು ಅತಿಥಿ ಎನ್ನುವುದಿಲ್ಲ; ಇಬ್ಬರು, ಮೂವರು, ನಾಲ್ವರು ಎನ್ನುತ್ತೇವೆ. ಈ ವಿವೇಕವನ್ನು ಪ್ರತಿ ಅಚ್ಚಿನಲ್ಲೂ ತುರುಕಿದರೆ ಮುಂದಿನ ವರ್ಷದ ಸ್ವಯಂಸೇವಕರಿಗೆ ಪತ್ರ ಯಾವುದು, ಲೆಕ್ಕ ಯಾವುದು ತಿಳಿಯದಾಗುತ್ತದೆ. ಹಾಗೆಂದು ಎಲ್ಲಕ್ಕೂ ಫಂಕ್ಷನ್ ಬೇಕಿಲ್ಲ. ಶಂಕರನಿಗೆ, ಸೀತೆಗೆ, ಗುರುವಿಗೆ ಎಂದು ವಿಭಕ್ತಿ ಹಚ್ಚುವ ಯಂತ್ರ ಕಟ್ಟುವುದಕ್ಕಿಂತ ಹೆಸರಿನ ಮುಂದೆ ‘ಅವರಿಗೆ’ ಎಂದು ಬರೆಯುವುದು ಲೇಸು, ಗೌರವವೂ ಉಳಿಯುತ್ತದೆ.

ಮೌನವಾಗಿ ಸೋಲುವ ಸಹಾಯಕನನ್ನು ಮಾತ್ರ ನಾವು ಒಪ್ಪೆವು. ಮಾಹಿತಿ ಇಲ್ಲದಿದ್ದಾಗ ಈ ಎರಡೂ ವ್ಯವಸ್ಥೆಗಳು ಸಾಮಾನ್ಯವಾಗಿ ಆ ಜಾಗವನ್ನು ಖಾಲಿ ಬಿಟ್ಟು ಮುಂದುವರಿಯುತ್ತವೆ. ನೋಡಿದವರಿಗೆ ಪತ್ರ ಪೂರ್ಣವಾಗಿಯೇ ಕಾಣುತ್ತದೆ. ಮಾತ್ರೆಯ ಪ್ರಮಾಣ ಬರೆಯದ ಔಷಧಿ ಚೀಟಿಯನ್ನು ಯಾವ ಫಾರ್ಮಸಿಯೂ ಊಹೆಯ ಮೇಲೆ ತುಂಬುವುದಿಲ್ಲ. ಶಿಬಿರದ ದಿನಾಂಕವಿಲ್ಲದ ಪತ್ರವೂ ಹೊರಡದೆ ನಿಲ್ಲಬೇಕು. ಎರಡರಲ್ಲೂ ಅಂಥ ಕಟ್ಟುನಿಟ್ಟಿನ ಆಯ್ಕೆ ಇದೆ, ಅದನ್ನು ಬಳಸಬೇಕು.

ಇನ್ನು ಭದ್ರತೆ. ಅಚ್ಚು ಯಾವ ಫಂಕ್ಷನ್ನನ್ನಾದರೂ ಕರೆಯಬಹುದು ಎಂದಾದರೆ, ಅಚ್ಚನ್ನು ತಿದ್ದಬಲ್ಲವರಿಗೆಲ್ಲ ಸದಸ್ಯರ ದೂರವಾಣಿ ಸಂಖ್ಯೆಯೂ ಮಕ್ಕಳ ವಯಸ್ಸೂ ಸಿಕ್ಕೀತು. ಕರೆಯಬಹುದಾದ ಸಹಾಯಕರ ಪಟ್ಟಿ ಚಿಕ್ಕದಿರಲಿ. ಕೈಗೆ ಕೊಟ್ಟ ಮಾಹಿತಿಯನ್ನಷ್ಟೇ ಅವರು ಮುಟ್ಟಲಿ. ಕಡತ ತೆರೆಯುವುದು, ಮಿಂಚಂಚೆ ಕಳಿಸುವುದು ಅವರ ಕೆಲಸವಲ್ಲ. ಸದಸ್ಯರು ಫಾರ್ಮಿನಲ್ಲಿ ಬರೆದ ಮಾತು ಅಚ್ಚಿನೊಳಗೆ ತುಂಬುವ ಸರಕಾಗಿರಬೇಕೇ ಹೊರತು ಎಂದೂ ಅಚ್ಚೇ ಆಗಬಾರದು.

ಪ್ರತಿ ಸಹಾಯಕನಿಗೂ ಏನು ಕೊಟ್ಟರೆ ಏನು ಬರುತ್ತದೆ ಎಂಬ ನಾಲ್ಕು ಉದಾಹರಣೆಗಳನ್ನು ಬರೆದಿಡಬೇಕೆಂದು ಸಮಿತಿಯನ್ನು ಕೋರುತ್ತೇವೆ. ವಯಸ್ಸು ಲೆಕ್ಕ ಹಾಕುವ ಸಹಾಯಕನಿದ್ದರೆ, ಫೆಬ್ರವರಿ 29ರಂದು ಹುಟ್ಟಿದವರೂ ಆ ಉದಾಹರಣೆಗಳಲ್ಲಿ ಇರಲಿ.