ಹಂಡೆ ಒಲೆಯ ಹೊಗೆ ಮತ್ತು ಜಾಗತಿಕ ಒಪ್ಪಂದ

ಭೂಮಿಯ ಬಿಸಿ ಏರುತ್ತಿರುವ ಬಗ್ಗೆ, ಅದನ್ನು ತಡೆಯಲು ದೇಶ ದೇಶಗಳು ಸಭೆ ಸೇರಿದ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಬರುತ್ತಲೇ ಇರುತ್ತದೆ. ರಿಯೋ, ಕ್ಯೋಟೋ, ಪ್ಯಾರಿಸ್, ಗ್ಲಾಸ್ಗೋ ಎಂಬ ಊರುಗಳ ಹೆಸರು ಓದಿ ನಾವು ಪುಟ ತಿರುವುತ್ತೇವೆ. ಪುತ್ತೂರಿನ ಅಡಿಕೆ ತೋಟದ ನಡುವಿನ ಮನೆಗೂ, ಸುಳ್ಯದ ರಬ್ಬರ್ ತೋಟದ ಕಾರ್ಮಿಕರ ಮನೆಗೂ, ಕಡಬದ ಕಾಡಂಚಿನ ಮನೆಗೂ ಈ ಸಭೆಗಳಿಂದ ಏನಾಗಬೇಕಿದೆ ಎಂಬ ಪ್ರಶ್ನೆ ಸಹಜವೇ. ಆದರೆ ಈ ಒಪ್ಪಂದಗಳ ಒಂದು ತುದಿ ನಮ್ಮ ಅಡುಗೆಮನೆಯ ಒಲೆಯಲ್ಲಿದೆ; ಇನ್ನೂ ಸರಿಯಾಗಿ ಹೇಳುವುದಾದರೆ, ಬಚ್ಚಲುಮನೆಯ ಹಂಡೆಯ ಕೆಳಗಿದೆ. ಅಲ್ಲಿಂದೇಳುವ ಹೊಗೆ ಮೊದಲು ಮನೆಯವರ ಶ್ವಾಸಕೋಶವನ್ನು ಹೊಕ್ಕು ಆಮೇಲೆ ಆಕಾಶಕ್ಕೆ ಹೋಗುತ್ತದೆ. ಆದ್ದರಿಂದ ಹಸಿರುಮನೆ ಅನಿಲಗಳ ಕುರಿತ ನೀತಿಯನ್ನು ವೈದ್ಯರ ದೃಷ್ಟಿಯಿಂದಲೂ ನೋಡಬೇಕಾಗಿದೆ.

ಹೊಗೆಯಲ್ಲಿ ಏನಿದೆ?

ಸಾಕಷ್ಟು ಗಾಳಿ ಸಿಗದೆ ಕಟ್ಟಿಗೆ ಅರೆಬರೆ ಉರಿದಾಗ ಮೂರು ಬಗೆಯ ಅಪಾಯಕಾರಿ ವಸ್ತುಗಳು ಹೊರಬರುತ್ತವೆ. ಮೊದಲನೆಯದು, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಎರಡನೆಯದು, ಮಿಥೇನ್ ಮತ್ತಿತರ ಅನಿಲಗಳು. ಮೂರನೆಯದು, ಪಿಎಂ 2.5 ಎಂದು ಕರೆಯುವ ಅತಿ ಸೂಕ್ಷ್ಮ ಕಣಗಳು. ಈ ಕಣದ ಗಾತ್ರ ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಮೂಗಿನ ಕೂದಲಾಗಲಿ, ಗಂಟಲಿನ ಕಫವಾಗಲಿ ಇದನ್ನು ತಡೆಯಲಾರವು. ನೇರವಾಗಿ ಶ್ವಾಸಕೋಶದ ಗಾಳಿಗೂಡುಗಳಿಗೆ ಇಳಿದು ಅಲ್ಲಿ ಉರಿಯೂತವನ್ನು ಉಂಟುಮಾಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ, ಒಂದು ಘನಮೀಟರ್ ಗಾಳಿಯಲ್ಲಿ ಈ ಕಣಗಳ 24 ಗಂಟೆಗಳ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದು. ನಮ್ಮ ದೇಶದ ಮಿತಿ 60. ಕಟ್ಟಿಗೆ ಒಲೆ ಉರಿಯುವ ಅಡುಗೆಮನೆಗಳಲ್ಲಿ ಅಡುಗೆಯ ಹೊತ್ತಿನಲ್ಲಿ ಇದು ಹಲವು ನೂರನ್ನು ದಾಟುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ಪರಿಣಾಮವೇನು? ಜೀವಮಾನದಲ್ಲಿ ಬೀಡಿ ಮುಟ್ಟದ ಹೆಂಗಸರಿಗೂ ಬೀಡಿ ಸೇದುವವರ ಕಾಯಿಲೆ ಬರುತ್ತದೆ. ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ಈ ಕಾಯಿಲೆಗೆ ಸಿಒಪಿಡಿ ಎಂದು ಹೆಸರು. ಮೊದಲು ಬೆಳಗಿನ ಕೆಮ್ಮು, ಆಮೇಲೆ ಗುಡ್ಡ ಹತ್ತುವಾಗ ದಮ್ಮು, ಕೊನೆಗೆ ಅಂಗಳ ದಾಟುವುದೂ ಕಷ್ಟ. ಇದಲ್ಲದೆ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ, ಗರ್ಭಿಣಿಯರಿಗೆ ಕಡಿಮೆ ತೂಕದ ಮಗು, ಹೃದ್ರೋಗ, ಕಣ್ಣಿನ ಪೊರೆ ಇವೆಲ್ಲಕ್ಕೂ ಹೊಗೆಯ ನಂಟಿದೆ. 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಇನ್ನು ಇದೇ ಹೊಗೆ ಆಕಾಶಕ್ಕೆ ಮಾಡುವ ಹಾನಿ. ಕಟ್ಟಿಗೆಯಿಂದ ಹೊರಟ ಇಂಗಾಲದ ಡೈಆಕ್ಸೈಡನ್ನು, ಕಡಿದ ಮರದ ಜಾಗದಲ್ಲಿ ಇನ್ನೊಂದು ಮರ ಬೆಳೆದರೆ, ಆ ಮರ ಮರಳಿ ಹೀರಿಕೊಳ್ಳುತ್ತದೆ. ಆದರೆ ಅರೆಬರೆ ಉರಿದಾಗ ಹೊರಡುವ ಮಿಥೇನ್ ಮತ್ತು ಮಸಿಗೆ ಈ ಲೆಕ್ಕ ಹೊಂದುವುದಿಲ್ಲ. ಇಪ್ಪತ್ತು ವರ್ಷಗಳ ಅವಧಿಯಲ್ಲಿ ನೋಡಿದರೆ ಮಿಥೇನ್ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಸಮಾಧಾನದ ವಿಷಯವೆಂದರೆ, ಮಿಥೇನ್ ಹತ್ತು ಹನ್ನೆರಡು ವರ್ಷ, ಮಸಿ ಕೆಲವೇ ದಿನ ಅಥವಾ ವಾರ ಮಾತ್ರ ಗಾಳಿಯಲ್ಲಿರುತ್ತವೆ. ಇವನ್ನು ಇಂದು ನಿಲ್ಲಿಸಿದರೆ ಫಲ ನಮ್ಮ ಕಾಲದಲ್ಲೇ ಸಿಗುತ್ತದೆ.

ಒಪ್ಪಂದಗಳು ಮತ್ತು ನ್ಯಾಯ

1992ರಲ್ಲಿ ರಿಯೋ ಸಮ್ಮೇಳನದಲ್ಲಿ ಹವಾಮಾನ ಒಡಂಬಡಿಕೆಗೆ ಸಹಿ ಬಿತ್ತು. 1997ರ ಕ್ಯೋಟೋ ಒಪ್ಪಂದ ಶ್ರೀಮಂತ ದೇಶಗಳಿಗೆ ಕಡಿತದ ಗುರಿ ವಿಧಿಸಿತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಎಲ್ಲ ದೇಶಗಳೂ ತಮ್ಮ ತಮ್ಮ ಗುರಿಯನ್ನು ತಾವೇ ಹೇಳಬೇಕೆಂದಾಯಿತು. ಭಾರತ 2021ರ ನವೆಂಬರಿನಲ್ಲಿ ಗ್ಲಾಸ್ಗೋದಲ್ಲಿ, 2070ರ ಹೊತ್ತಿಗೆ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ತರುವುದಾಗಿ ಘೋಷಿಸಿತು. ಅದೇ ಸಭೆಯಲ್ಲಿ, 2030ರೊಳಗೆ ಜಗತ್ತಿನ ಮಿಥೇನನ್ನು ಶೇಕಡ 30ರಷ್ಟು ತಗ್ಗಿಸುವ ಇನ್ನೊಂದು ಪ್ರತಿಜ್ಞೆಯೂ ಹೊರಬಿತ್ತು. ಭಾರತ ಅದಕ್ಕೆ ಸೇರಲಿಲ್ಲ. ನಮ್ಮ ಮಿಥೇನಿನ ಬಹುಪಾಲು ದನಕರು ಮತ್ತು ಭತ್ತದ ಗದ್ದೆಗಳದ್ದು, ಅದು ಬಡ ರೈತನ ಬದುಕು ಎಂಬುದು ಕಾರಣ.

ಈ ಕಾರಣದಲ್ಲಿ ಹುರುಳಿದೆ. 14.2 ಕಿಲೋದ ಒಂದು ಗ್ಯಾಸ್ ಸಿಲಿಂಡರ್ ಉರಿದಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಸುಮಾರು 42 ಕಿಲೋ. ವರ್ಷಕ್ಕೆ ಎಂಟು ಸಿಲಿಂಡರ್ ಬಳಸುವ ಮನೆಯ ಲೆಕ್ಕ 340 ಕಿಲೋದ ಆಸುಪಾಸು. ಪೆಟ್ರೋಲ್ ಕಾರಿನಲ್ಲಿ ಪುತ್ತೂರಿನಿಂದ ಮಂಗಳೂರಿಗೆ ಇಪ್ಪತ್ತು ಬಾರಿ ಹೋಗಿ ಬಂದರೆ ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆ. ಒಂದು ಮನೆಯ ಇಡೀ ವರ್ಷದ ಅನ್ನ ಸಾರು ಒಂದು ಕಡೆ, ಇಪ್ಪತ್ತು ಪ್ರಯಾಣ ಇನ್ನೊಂದು ಕಡೆ. ಗ್ಯಾಸ್ ಕೂಡ ನೆಲದಡಿಯ ಇಂಧನ, ಅದನ್ನು ಬಡವರಿಗೆ ಹಂಚುವುದು ಹವಾಮಾನಕ್ಕೆ ವಿರುದ್ಧ ಎಂದು ವಾದಿಸುವವರು ಈ ಲೆಕ್ಕವನ್ನು ಗಮನಿಸಬೇಕು. ಭೂಮಿಯನ್ನು ಉಳಿಸುವ ಹೊರೆಯನ್ನು ಹೊಗೆಯಲ್ಲಿ ಕೆಮ್ಮುವ ತಾಯಂದಿರ ತಲೆಯ ಮೇಲೆ ಹೊರಿಸುವುದು ಯಾವ ನ್ಯಾಯಕ್ಕೂ ಹೊಂದದು.

ಯೋಜನೆಗಳು ಎಡವಿದ್ದೆಲ್ಲಿ?

ನಮ್ಮಲ್ಲಿ ಯೋಜನೆಗಳಿಗೇನೂ ಕೊರತೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ ರೂಪಿಸಿದ ಅಸ್ತ್ರ ಒಲೆಯನ್ನು ಹಿರಿಯ ಓದುಗರು ಮರೆತಿರಲಾರರು. ಕಡಿಮೆ ಕಟ್ಟಿಗೆ, ಚಿಮಣಿಯಿಂದ ಹೊರಹೋಗುವ ಹೊಗೆ. ಒಲೆ ಒಳ್ಳೆಯದೇ ಆಗಿತ್ತು. ಆದರೆ 1980ರ ದಶಕದಲ್ಲಿ ಆರಂಭವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವು ಎಷ್ಟು ಒಲೆ ಕಟ್ಟಿಸಿದೆವೆಂದು ಎಣಿಸಿತೇ ಹೊರತು ಎಷ್ಟು ಚಿಮಣಿ ಮಸಿ ಕಟ್ಟಿ ಮುಚ್ಚಿಹೋಗಿವೆ ಎಂದು ನೋಡಲಿಲ್ಲ. 2002ರಲ್ಲಿ ಕಾರ್ಯಕ್ರಮ ಕೊನೆಗೊಂಡಿತು.

2016ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲಾ ಯೋಜನೆ ದೊಡ್ಡ ಹೆಜ್ಜೆ, ಅದರಲ್ಲಿ ಅನುಮಾನವಿಲ್ಲ. 10 ಕೋಟಿಗೂ ಹೆಚ್ಚು ಮನೆಗಳಿಗೆ ಗ್ಯಾಸ್ ತಲುಪಿದೆ. ಆದರೆ 2018ರ ಡಿಸೆಂಬರ್ ಕೊನೆಗೆ ಈ ಮನೆಗಳು ವರ್ಷಕ್ಕೆ ಸರಾಸರಿ 3.21 ಸಿಲಿಂಡರ್ ಮಾತ್ರ ತುಂಬಿಸುತ್ತಿದ್ದವೆಂದು ಮಹಾಲೇಖಪಾಲರ ವರದಿ ತಿಳಿಸಿತು. ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಬಂದ ಬಳಿಕ, 2024-25ರಲ್ಲಿ ಅದು ಸುಮಾರು ನಾಲ್ಕೂವರೆಗೆ ಏರಿದೆ. ನಾಲ್ಕೈದು ಜನರ ಮನೆಯ ಪೂರ್ತಿ ಅಡುಗೆಗೆ ಏಳೆಂಟಾದರೂ ಬೇಕು. ಉಳಿದ ಅಡುಗೆ ಎಲ್ಲಿ ಆಗುತ್ತಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಕಡೆಯ ಕಾರಣಗಳು ಇನ್ನೂ ಸ್ಪಷ್ಟ. ನಮ್ಮದು ಕುಚ್ಚಲಕ್ಕಿಯ ಊರು. ಅದು ಬೇಯಲು ಬೆಳ್ತಿಗೆ ಅಕ್ಕಿಗಿಂತ ಬಹಳ ಹೆಚ್ಚು ಹೊತ್ತು ಬೇಕು. ಆದ್ದರಿಂದ ಚಹಾ, ದೋಸೆ, ಸಾರು ಗ್ಯಾಸಿನಲ್ಲಾದರೆ ಅನ್ನದ ಪಾತ್ರೆ ಕಟ್ಟಿಗೆ ಒಲೆಗೇ ಹೋಗುತ್ತದೆ. ಇನ್ನು ಸ್ನಾನದ ನೀರು. ಕಾರು ಇರುವ ಮನೆಯಲ್ಲೂ ಬಚ್ಚಲಿನ ಹಂಡೆಗೆ ಅಡಿಕೆ ಸಿಪ್ಪೆ, ತೆಂಗಿನ ಮಡಲು, ಸೋಗೆ, ಗೆರಟೆ. ತೋಟದಲ್ಲಿ ಬಿಟ್ಟಿ ಸಿಗುವಾಗ ಏಕೆ ಬಿಡಬೇಕು ಎಂಬ ಲೆಕ್ಕ. ಮಳೆಗಾಲದಲ್ಲಿ ಇವೆಲ್ಲ ಒದ್ದೆ. ಬಾಗಿಲು ಕಿಟಕಿ ಮುಚ್ಚಿರುತ್ತವೆ. ಊದುಕೊಳವೆ ಹಿಡಿದು ಊದಿದಷ್ಟೂ ಹೊಗೆ. ಬಾಣಂತಿ ಸ್ನಾನಕ್ಕೆ ಹಂಡೆಗಟ್ಟಲೆ ನೀರು ಕಾಯುವ ಅದೇ ಬಚ್ಚಲಿನಲ್ಲಿ ಎಳೆಮಗುವಿಗೂ ಸ್ನಾನ. ಹುಟ್ಟಿ ವಾರ ಕಳೆಯದ ಶ್ವಾಸಕೋಶಕ್ಕೆ ಇದಕ್ಕಿಂತ ಕೆಟ್ಟ ಸ್ವಾಗತ ಇರಲಾರದು. ಆದರೆ ಹಂಡೆ ಒಲೆಯನ್ನು ನಮ್ಮ ಗ್ಯಾಸ್ ಯೋಜನೆಗಳು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಬಾಗೇಪಲ್ಲಿಯ ಪಾಠ

ಬೇರೆ ರೀತಿಯಲ್ಲೂ ಕೆಲಸ ಮಾಡಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಆಗ ಕೋಲಾರ ಜಿಲ್ಲೆಯಲ್ಲಿದ್ದ ಬಾಗೇಪಲ್ಲಿಯ ಕೂಲಿ ಸಂಘವು ಕ್ಯೋಟೋ ಒಪ್ಪಂದದ ಒಂದು ಅವಕಾಶವನ್ನು ಬಳಸಿಕೊಂಡು, ಬಡ ಕುಟುಂಬಗಳಿಗೆ 5,500 ಗೋಬರ್ ಗ್ಯಾಸ್ ಘಟಕಗಳನ್ನು ಕಟ್ಟಿಸುವ ಯೋಜನೆ ಹಾಕಿತು. 2005ರಲ್ಲಿ ಅದು ವಿಶ್ವಸಂಸ್ಥೆಯ ವ್ಯವಸ್ಥೆಯಲ್ಲಿ ನೋಂದಣಿಯಾಯಿತು. ಕಟ್ಟಿಗೆ, ಸೀಮೆಎಣ್ಣೆ ಉಳಿಸಿದ್ದಕ್ಕೆ ಸಿಗುವ 'ಕಾರ್ಬನ್ ಕ್ರೆಡಿಟ್' ಮಾರಿ ಹಣ ಹೊಂದಿಸುವುದು ಇದರ ಕ್ರಮ. ಇಲ್ಲಿ ಗಮನಿಸಬೇಕಾದ ಅಂಶ ಒಂದೇ: ಘಟಕ ಕಟ್ಟಿದ್ದಕ್ಕೆ ಕ್ರೆಡಿಟ್ ಸಿಗುವುದಿಲ್ಲ. ಅದು ನಿಜವಾಗಿ ಉರಿಯುತ್ತಿದೆಯೇ ಎಂದು ಪರಿಶೀಲನೆಯಾದ ಮೇಲೆಯೇ ಸಿಗುತ್ತದೆ. ಕೆಟ್ಟುನಿಂತ ಘಟಕವನ್ನು ದುರಸ್ತಿ ಮಾಡಲು ಇದರಿಂದ ಒತ್ತಾಯ ಬರುತ್ತದೆ. ಶ್ರೀಮಂತ ದೇಶಗಳು ಹಣ ಕೊಟ್ಟು ಹೊಗೆ ಬಿಡುವ ಹಕ್ಕು ಕೊಳ್ಳುತ್ತವೆ ಎಂಬ ಟೀಕೆ ಈ ವ್ಯವಸ್ಥೆಗೆ ಇದೆ, 2012ರ ಹೊತ್ತಿಗೆ ಕ್ರೆಡಿಟ್‌ಗಳ ಬೆಲೆಯೂ ಕುಸಿಯಿತು. ಆದರೂ ಉರಿದದ್ದನ್ನು ಎಣಿಸುವ ಈ ನಿಯಮ ನಮ್ಮ ಎಲ್ಲ ಯೋಜನೆಗಳಿಗೂ ಬೇಕು.

ನಮ್ಮ ತಾಲೂಕುಗಳಿಗೆ ಗೋಬರ್ ಗ್ಯಾಸ್ ಹೊಸತಲ್ಲ. ಸೆಗಣಿ ಗುಂಡಿಯಲ್ಲಿ ಕೊಳೆತು ಸುಮ್ಮನೆ ಹೋಗುವ ಮಿಥೇನ್ ಒಲೆಯಲ್ಲಿ ಉರಿಯುತ್ತದೆ, ಸ್ಲರಿ ತೋಟಕ್ಕೆ ಗೊಬ್ಬರವಾಗುತ್ತದೆ. ಮಿಥೇನ್ ಪ್ರತಿಜ್ಞೆಗೆ ಸಹಿ ಹಾಕದೆಯೂ, ರೈತನ ಒಂದು ದನವನ್ನೂ ಕಡಿಮೆ ಮಾಡದೆಯೂ ಇದನ್ನು ಮಾಡಬಹುದು. ಎರಡು ಘನಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ, ಅಂದರೆ ನಾಲ್ಕೈದು ದನ ಬೇಕು. ಹಟ್ಟಿ ಖಾಲಿಯಾದ ಮನೆಗಳಲ್ಲಿ ಘಟಕಗಳೂ ಪಾಳು ಬಿದ್ದಿವೆ. ಅಡುಗೆಮನೆಯ ತ್ಯಾಜ್ಯದಿಂದ ನಡೆಯುವ ಚಿಕ್ಕ ಘಟಕಗಳಿಗೆ, ಹಳೆಯವುಗಳ ದುರಸ್ತಿಗೆ ನೆರವು ಸಿಗಬೇಕು.

ಸರಕಾರ ಮಾಡಬೇಕಾದದ್ದು

ಕೊಟ್ಟ ಸಂಪರ್ಕಗಳನ್ನು ಎಣಿಸುವುದನ್ನು ಬಿಟ್ಟು ಹೊಗೆ ನಿಂತ ಮನೆಗಳನ್ನು ಎಣಿಸಬೇಕೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಹೊಸ ಇಲಾಖೆ ಬೇಕಾಗಿಲ್ಲ. ಮೂವತ್ತು ವರ್ಷ ದಾಟಿದವರ ಆರೋಗ್ಯ ತಪಾಸಣೆಗಾಗಿ ಆಶಾ ಕಾರ್ಯಕರ್ತೆಯರು ಮನೆ ಮನೆಯಲ್ಲಿ ತುಂಬುವ ಪಟ್ಟಿಯಲ್ಲಿ ಅಡುಗೆಗೆ ಯಾವ ಇಂಧನ ಎಂಬ ಪ್ರಶ್ನೆ ಈಗಾಗಲೇ ಇದೆ. ಸ್ನಾನದ ನೀರು ಕಾಯಿಸುವುದು ಯಾವುದರಿಂದ, ಕಳೆದ ವರ್ಷ ಎಷ್ಟು ಸಿಲಿಂಡರ್ ತುಂಬಿಸಿದಿರಿ ಎಂಬ ಎರಡು ಪ್ರಶ್ನೆ ಸೇರಿಸಿದರೆ ಸಾಕು. ಗ್ರಾಮ ಪಂಚಾಯತ್‌ವಾರು ಚಿತ್ರ ಸಿಗುತ್ತದೆ. ಎಲ್ಲಿ ಹೊಗೆ ಹೆಚ್ಚೋ ಅಲ್ಲಿ ಸಬ್ಸಿಡಿ, ದುರಸ್ತಿ, ಸೌರ ಹೀಟರ್ ಮೊದಲು ಹೋಗಲಿ.

ರಾಜ್ಯದ ಗೃಹಜ್ಯೋತಿಯಲ್ಲೂ ಒಂದು ತೊಡಕಿದೆ. ಹಿಂದಿನ ಸರಾಸರಿ ಬಳಕೆಗಿಂತ ಅಲ್ಪ ಹೆಚ್ಚಿಗೆ ಮಾತ್ರ ಉಚಿತವಾಗಿರುವುದರಿಂದ, ಕಟ್ಟಿಗೆ ಒಲೆ ಬಿಟ್ಟು ಇಂಡಕ್ಷನ್ ಒಲೆ ಇಡುವ ಬಡ ಮನೆ ಆ ಹೆಚ್ಚುವರಿಗೆ ಹಣ ತೆರಬೇಕಾಗುತ್ತದೆ. ಹೊಗೆ ಬಿಟ್ಟವರಿಗೆ ರಿಯಾಯಿತಿ ಸಿಗಬೇಕು, ದಂಡವಲ್ಲ.

ಮನೆಯವರು ಮಾಡಬಹುದಾದದ್ದು

ಸರಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ಕುಚ್ಚಲಕ್ಕಿಯನ್ನು ನೆನೆಸಿಟ್ಟು ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿ. ಇಲ್ಲವೇ ಒಂದು ಕುದಿ ಬಂದ ಪಾತ್ರೆಯನ್ನು ಶಾಖ ಹೊರಹೋಗದ ಥರ್ಮಲ್ ಕುಕ್ಕರಿನಲ್ಲಿಟ್ಟರೆ ಅನ್ನ ತಾನಾಗಿ ಬೇಯುತ್ತದೆ, ಗ್ಯಾಸ್ ಬಹಳ ಉಳಿಯುತ್ತದೆ. ಬಿಸಿಲಿರುವ ತಿಂಗಳುಗಳಲ್ಲಿ ಸ್ನಾನದ ನೀರಿಗೆ ಸೌರ ಹೀಟರ್ ಸಾಕು. ಮಳೆಗಾಲಕ್ಕೆ ಹಂಡೆ ಒಲೆಯೇ ಗತಿಯಾದರೆ ಬೆಂಕಿಯ ಬಾಯಿ ಮನೆಯ ಹೊರಗಿರಲಿ, ಮಾಡಿನಿಂದ ಮೇಲಕ್ಕೆ ಹೋಗುವ ಚಿಮಣಿ ಇರಲಿ, ಒಣಗಿದ್ದನ್ನೇ ಉರಿಸಿ. ಹೊಗೆಯಿದ್ದರೆ ಸೊಳ್ಳೆ ಬರುವುದಿಲ್ಲ ಎನ್ನುವವರಿದ್ದಾರೆ. ಸೊಳ್ಳೆಗೆ ಪರದೆಯಿದೆ, ಕೆಟ್ಟ ಶ್ವಾಸಕೋಶಕ್ಕೆ ಬದಲಿ ಇಲ್ಲ. ಬಾಣಂತಿ ಮತ್ತು ಮಗುವಿನ ಸ್ನಾನ ಹೊಗೆಯಿಲ್ಲದ ಕೋಣೆಯಲ್ಲಾಗಲಿ. ರಬ್ಬರ್ ಶೀಟ್ ಒಣಗಿಸುವ ಹೊಗೆಗೂಡಿನ ಬೆಂಕಿಯನ್ನು ಹೊರಗಿನಿಂದಲೇ ಒಟ್ಟುವಂತೆ ಕಟ್ಟಿಸಿ.

ಒಂದು ಎಚ್ಚರಿಕೆ. ಕಟ್ಟಿಗೆ ಬಿಟ್ಟು ಗ್ಯಾಸ್ ಗೀಸರ್ ಹಾಕಿಸುವವರು ಅದನ್ನು ಮುಚ್ಚಿದ ಬಚ್ಚಲುಮನೆಯೊಳಗೆ ಎಂದೂ ಇಡಬಾರದು. ಅಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡರೆ ಮೂಗಿಗೆ ಏನೂ ತಿಳಿಯದೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿ ಪ್ರಾಣ ಹೋಗಬಹುದು. ಗೀಸರ್ ಹೊರಗಿರಲಿ, ಕೊಳವೆಯಲ್ಲಿ ನೀರು ಮಾತ್ರ ಒಳಬರಲಿ.

ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಕ್ಷಯವಲ್ಲವೆಂದು ಖಚಿತಪಡಿಸಿಕೊಳ್ಳಿ. ನಡೆಯುವಾಗ ದಮ್ಮು ಬರುತ್ತಿದ್ದರೆ ವಯಸ್ಸಾಯಿತೆಂದು ಸುಮ್ಮನಿರಬೇಡಿ. ಸ್ಪೈರೋಮೀಟರಿನಲ್ಲಿ ಊದಿಸುವ ಸರಳ ಪರೀಕ್ಷೆಯಿಂದ ಸಿಒಪಿಡಿ ಗೊತ್ತಾಗುತ್ತದೆ. ಹೋದ ಶಕ್ತಿ ಪೂರ್ತಿ ಮರಳದು, ಆದರೆ ಹೊಗೆ ನಿಲ್ಲಿಸಿ ಇನ್‌ಹೇಲರ್ ಸರಿಯಾಗಿ ಬಳಸಿದರೆ ಉಳಿದದ್ದನ್ನು ಕಾಪಾಡಬಹುದು.

2025ರ ಜನವರಿಯಲ್ಲಿ ಅಮೆರಿಕವು ಪ್ಯಾರಿಸ್ ಒಪ್ಪಂದದಿಂದ ಹೊರಬರುವುದಾಗಿ ಘೋಷಿಸಿತು. ದೊಡ್ಡ ದೇಶಗಳು ಬರುವುದು ಹೋಗುವುದು ನಮ್ಮ ಕೈಯಲ್ಲಿಲ್ಲ. ಮನೆಯ ಹೊಗೆ ನಿಲ್ಲಿಸಲು ಯಾರ ಸಹಿಗೂ ಕಾಯಬೇಕಾಗಿಲ್ಲ. ಅದರ ಮೊದಲ ಲಾಭ ಒಲೆಯ ಮುಂದೆ ಕುಳಿತ ತಾಯಿಗೆ, ಅವಳ ಮಡಿಲಿನ ಮಗುವಿಗೆ. ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ನೀರು, ದಾರಿದೀಪಗಳ ಜೊತೆಗೆ, ನಮ್ಮ ವಾರ್ಡಿನಲ್ಲಿ ಎಷ್ಟು ಮನೆಗಳಲ್ಲಿ ಇನ್ನೂ ಹೊಗೆಯಿದೆ ಎಂಬ ಪ್ರಶ್ನೆಯನ್ನೂ ಕೇಳಿ.