ಸ್ಥಳಾಭಾವವೆಂಬ ನೆಪ

ನಮ್ಮ ಸುದ್ದಿ ಪತ್ರಿಕೆಯಲ್ಲಿ ಬರುವುದಿಲ್ಲವೆಂಬ ದೂರು ಕಾಸರಗೋಡಿನ ಕನ್ನಡಿಗರಲ್ಲಿ ಹಳೆಯದು. ನನ್ನ ತಕರಾರು ಬೇರೆ. ನಮ್ಮ ಸುದ್ದಿ ಬರುತ್ತದೆ. ಆದರೆ ನಮಗೆ ಮಾತ್ರ ಓದಲು ಸಿಗುತ್ತದೆ.

ಕೆಲವು ವರ್ಷ ನಾನು ಕನ್ನಡ ದಿನಪತ್ರಿಕೆಯೊಂದಕ್ಕೆ ಊರಿನ ಸುದ್ದಿ ಬರೆಯುತ್ತಿದ್ದೆ. ಕನ್ನಡ ಮಾಧ್ಯಮದ ಶಾಲೆಯೊಂದಕ್ಕೆ ಕನ್ನಡವೇ ಬಾರದ ಅಧ್ಯಾಪಕರು ನೇಮಕವಾಗಿ ಬಂದಾಗ ಮಕ್ಕಳೂ ಹೆತ್ತವರೂ ಶಾಲೆಯ ಎದುರು ಕುಳಿತರು. ವರದಿ ಕಳುಹಿಸಿದೆ. ಮರುದಿನ ಕಾಸರಗೋಡು ಪುಟದಲ್ಲಿ ಚಿತ್ರಸಮೇತ ಎರಡು ಕಾಲಂ ಬಂತು. ತಲಪಾಡಿ ದಾಟಿದರೆ ಅದೇ ದಿನದ ಅದೇ ಪತ್ರಿಕೆಯಲ್ಲಿ ಆ ಪುಟವೇ ಇಲ್ಲ! ಬೆಂಗಳೂರು ಆವೃತ್ತಿಯ ಮಾತು ಬಿಡಿ. ವಿಚಾರಿಸಿದಾಗ ಸಿಕ್ಕಿದ ಉತ್ತರ, ಸ್ಥಳಾಭಾವ.

ಈ ಮಾತಿಗೆ ಇತಿಹಾಸವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮನೆಗಳ ಊಟದ ಮೇಜಿಗೆ ಏನು ಬರಬೇಕೆಂದು ನಿರ್ಧರಿಸುವವರು ಯಾರೆಂದು ಪರಿಶೀಲಿಸಿದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್, ಬಾಗಿಲು ಕಾಯುವವಳು ಬಹುಮಟ್ಟಿಗೆ ಗೃಹಿಣಿಯೇ ಎಂದರು. ಸುದ್ದಿಯೂ ಹೀಗೆ ಬಾಗಿಲಿಂದ ಬಾಗಿಲಿಗೆ ದಾಟುತ್ತದೆಂದು 1947ರಲ್ಲಿ ಸೂಚಿಸಿದವರೂ ಅವರೇ. ಡೇವಿಡ್ ಮ್ಯಾನಿಂಗ್ ವೈಟ್ ಅದನ್ನು ಪರೀಕ್ಷಿಸಿ 1950ರಲ್ಲಿ ಪ್ರಕಟಿಸಿದರು. ತಂತಿಸುದ್ದಿ ಆರಿಸುವ ಸಂಪಾದಕನೊಬ್ಬ ಒಂದು ವಾರ ಬಿಸಾಡಿದ ಪ್ರತಿಗಳನ್ನೆಲ್ಲ ಕೂಡಿಡಿಸಿ, ತಿರಸ್ಕಾರದ ಕಾರಣವನ್ನು ಅವನಿಂದಲೇ ಬರೆಸಿದರು. ಬಂದದ್ದರಲ್ಲಿ ಅಚ್ಚಾದದ್ದು ಸುಮಾರು ಹತ್ತರಲ್ಲೊಂದು ಪಾಲು. ಕಾರಣಗಳಲ್ಲಿ 'ಸ್ಥಳವಿಲ್ಲ' ಎಂಬುದು ಮತ್ತೆ ಮತ್ತೆ ಇತ್ತು. ಹಿಡಿಸದ್ದಕ್ಕೆ 'ಪ್ರಚಾರ' ಎಂಬ ಷರಾ ಕೂಡ. ವೈಕುಂಠದ ಬಾಗಿಲಲ್ಲಿ ಸನಕಾದಿಗಳನ್ನು ತಡೆದ ಜಯವಿಜಯರಿಗೆ ಶಾಪವಾದರೂ ತಟ್ಟಿತು. ಇವರಿಗೆ ಅದೂ ಇಲ್ಲ.

ಆದರೆ ನಮ್ಮನ್ನು ತಡೆಯುವುದು ಒಬ್ಬ ಮನುಷ್ಯನಲ್ಲ, ಪುಟದ ಗಡಿ. ಸಂಪಾದಕರು ಕನ್ನಡದ್ರೋಹಿಗಳೆಂದು ಕೂಗುವವರ ಜೊತೆ ನಾನಿಲ್ಲ. ವರದಿಯ ತಲೆಯಲ್ಲಿ 'ಕಾಸರಗೋಡು' ಎಂದು ಕಂಡೊಡನೆ ಅದು ಯಾವ ಪುಟಕ್ಕೆಂದು ಉಪಸಂಪಾದಕನಿಗೆ ಗೊತ್ತು. ಒಳಗೇನಿದೆಯೆಂದು ಓದಬೇಕಾಗಿಯೇ ಇಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ವರದಿಯನ್ನು ರಾಜ್ಯೋತ್ಸವದಂದು ನೆನೆದು ಮರುಗಲು ಆ ಕಡೆ ಸ್ಥಳ ಸಿಗುತ್ತದೆ. ಈ ವರ್ಷ ಗಣಿತ ಅರ್ಥವಾಗದೆ ಕುಳಿತ ಐದನೇ ತರಗತಿಯ ಮಗುವಿಗೆ ಸಿಗುವುದಿಲ್ಲ.

ಇನ್ನು ಮೊದಲ ತಡಮೆ ನಮ್ಮ ಅಂಗಳದ್ದೇ. ಶಾಲೆಯ ಒಂದು ಸುದ್ದಿಗೆ ಹತ್ತು ಸನ್ಮಾನ, ಬ್ರಹ್ಮಕಲಶೋತ್ಸವಗಳ ವರದಿ ಕಳುಹಿಸಿದವನು ನಾನೇ. ಹೆಸರು ಬಂದವರು ಸಂತೋಷಪಡುತ್ತಾರೆ, ಯಾರೂ ಮುನಿಯುವುದಿಲ್ಲ. ಈಗ ಫೋನಿನಲ್ಲೇ ಎಲ್ಲ ಬರುತ್ತದಲ್ಲ ಎನ್ನುವವರಿದ್ದಾರೆ. ಬರುತ್ತದೆ, ನಮ್ಮ ಗುಂಪಿನಿಂದ ನಮ್ಮದೇ ಇನ್ನೊಂದು ಗುಂಪಿಗೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ನಮ್ಮ ಶಾಲೆಗಳ ಬಗ್ಗೆ ತೀರ್ಮಾನವಾಗುವುದು ತಿರುವನಂತಪುರದಲ್ಲಿ. ಅಲ್ಲಿ ನಮ್ಮ ಕಾಸರಗೋಡು ಪುಟ ಓದುವವರು ಯಾರು? ಆ ವರದಿಯನ್ನು ಮಲಯಾಳದಲ್ಲಿ ಬರೆದು ಒಂದು ಮಲಯಾಳ ಪತ್ರಿಕೆಗೂ ನಾನು ಕೊಡಲಿಲ್ಲ. ಪಕ್ಕದ ಮನೆಯ ಮಲಯಾಳಿ ಮಾಸ್ತರರು ವಿಷಯ ತಿಳಿದದ್ದು ತಿಂಗಳ ಮೇಲೆ. 'ಎನ್ನೋಡು ಪರಞ್ಞಿಲ್ಲಲ್ಲೋ' ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಲೇಖನವನ್ನು ಮಲಯಾಳ ಭಾಗದಲ್ಲೂ ಹಾಕಿರೆಂದು ಈ ಸಂಚಿಕೆಯ ಸಂಪಾದಕರನ್ನು ಕೇಳಿಕೊಂಡಿದ್ದೇನೆ. ಅನುವಾದವನ್ನು ಮಾಸ್ತರರು ಒಪ್ಪಿಕೊಂಡಿದ್ದಾರೆ. ಸ್ಥಳಾಭಾವವೆಂಬ ಉತ್ತರ ಬಾರದೆಂದು ನಂಬಿದ್ದೇನೆ.